ತಟ್ಟಿದರೆ ಬರುವ ಸದ್ದು: ಸ್ಪೀಕರಿನ ಡ್ರೈವರ್ ಬದಲಿಸುವ ಮೊದಲು

ಪ್ರಶ್ನೆ: ನಾಲ್ಕು ವರ್ಷ ಹಳೆಯ ಬ್ಲೂಟೂತ್ ಸ್ಪೀಕರ್ ಇದೆ. ಒಳಗೆ ಸದ್ದು ಹೊರಡಿಸುವ ಎರಡು ಇಂಚಿನ ಎರಡು ಡ್ರೈವರ್, ಎರಡೂ ತುದಿಯಲ್ಲಿ ಅದುರುವ ರಬ್ಬರ್ ಬಿಲ್ಲೆ. ನಮ್ಮ ಮನೆ ಕುಂದಾಪುರದ ಕಡೆ, ಸಮುದ್ರಕ್ಕೆ ಹತ್ತಿರ. ಯಕ್ಷಗಾನ ಹಾಕಿದರೆ ಭಾಗವತಿಕೆ, ಚೆಂಡೆ ಚೆನ್ನಾಗಿಯೇ ಕೇಳುತ್ತಿತ್ತು. ಮದ್ದಳೆ ಬಂದಾಗ ಮಾತ್ರ ಬಲಗಡೆ ಗರಗರ ಅನ್ನುತ್ತಿತ್ತು. ಈಗ ಕೆಲವು ದಿನದಿಂದ ಬಲಗಡೆ ಸದ್ದೇ ಇಲ್ಲ. ಒಮ್ಮೊಮ್ಮೆ ತಟ್ಟಿದರೆ ಬರುತ್ತದೆ. ಅಂಗಡಿಯಲ್ಲಿ ಬಿಚ್ಚಿ ನೋಡಿ, ‘ಕಾಯಿಲ್ ಸುಟ್ಟಿದೆ, ಇದೇ ಡ್ರೈವರ್ ಸಿಗಲ್ಲ, 8 ಓಮಿನದು ಹಾಕಿಕೊಡ್ತೇನೆ’ ಅಂದರು. ಹಳೆಯದರ ಹಿಂದೆ 4 ಓಮ್, 5 ವ್ಯಾಟ್ ಎಂದಿದೆ. ನನಗೆ ಸೋಲ್ಡರಿಂಗ್ ಸ್ವಲ್ಪ ಬರುತ್ತದೆ, ಮಲ್ಟಿಮೀಟರ್ ಇದೆ. ನಾನೇ ಮಾಡಬಹುದೇ? ಬೆಂಗಳೂರಿನಿಂದ ಅದೇ ಅಳತೆಯ ಬೇರೆ ಡ್ರೈವರ್ ತರಿಸಿದರೆ ಆಗುತ್ತದೆಯೇ?

ಉತ್ತರ: ತಟ್ಟಿದರೆ ಸದ್ದು ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಕಾಯಿಲ್, ಅಂದರೆ ಡ್ರೈವರನ್ನು ಅದುರಿಸುವ ಒಳಗಿನ ತಂತಿಸುರುಳಿ, ಸುಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಸುಟ್ಟ ಕಾಯಿಲ್ ತಟ್ಟಿದ್ದಕ್ಕೆ ಎದ್ದು ಕೂರುವುದಿಲ್ಲ. ಎಲ್ಲೋ ಒಂದು ತಂತಿ ಅರ್ಧ ಹರಿದು ತಾಗಿ ಬಿಡುತ್ತಿದೆ, ಇಲ್ಲವೇ ಒಂದು ಸೋಲ್ಡರ್ ಸಡಿಲವಾಗಿದೆ. ಹೊಸ ಡ್ರೈವರ್ ಹುಡುಕುವ ಮೊದಲು ಹಳೆಯದಕ್ಕೆ ಒಂದು ಗಂಟೆ ಕೊಡಿ. ನಿಮ್ಮ ಪೆಟ್ಟಿಗೆಗೆ ಅದಕ್ಕಿಂತ ಚೆನ್ನಾಗಿ ಹೊಂದುವ ಡ್ರೈವರ್ ಯಾವ ಮಾರುಕಟ್ಟೆಯಲ್ಲೂ ಸಿಗುವುದಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಚೆಂಡೆಗೆ ಸುಮ್ಮನಿದ್ದು ಮದ್ದಳೆಗೆ ಮಾತ್ರ ಗರಗರ ಅನ್ನುತ್ತಿದ್ದುದೂ ಇದಕ್ಕೇ ಹೊಂದುತ್ತದೆ. ಡ್ರೈವರಿನ ಮುಂದೆ ಕಾಣುವ, ಅದುರಿ ಸದ್ದು ಮಾಡುವ ಹಾಳೆಯೇ ಕೋನ್. ಅದು ಒಂದೇ ಮಟ್ಟದ ಸದ್ದು ಕೊಡಬೇಕಾದರೆ, ಸ್ವರ ಒಂದು ಸ್ಥಾಯಿ ಕೆಳಗಿಳಿದಾಗಲೆಲ್ಲ ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಓಡಬೇಕು. 240 ಹರ್ಟ್ಜ್‌ನಲ್ಲಿ ಕಾಲು ಮಿಲಿಮೀಟರ್ ಅಲುಗಿದರೆ ಸಾಕಾದದ್ದು 120ರಲ್ಲಿ ಒಂದು ಮಿಲಿಮೀಟರ್ ಆಗುತ್ತದೆ, 60ರಲ್ಲಿ ನಾಲ್ಕು. ಎರಡು ಇಂಚಿನ ಡ್ರೈವರಿಗೆ ನಾಲ್ಕು ಮಿಲಿಮೀಟರ್ ಓಡುವ ಜಾಗವೇ ಇರುವುದಿಲ್ಲ. ಚೆಂಡೆಯ ಚುರುಕು ಹೊಡೆತಕ್ಕೆ ಕೋನ್ ಕಣ್ಣಿಗೆ ಕಾಣದಷ್ಟು ನಡುಗುತ್ತದೆ, ಮದ್ದಳೆಯ ಗುಂಕಾರಕ್ಕೆ ನಿಜವಾಗಿ ಓಡುತ್ತದೆ. ಸಡಿಲ ತಂತಿ ಕೋನಿಗೆ ಬಡಿಯುವುದು, ಅರ್ಧ ಹರಿದ ಎಳೆ ಬಿಟ್ಟು ತಾಗುವುದು, ಕಾಯಿಲ್ ಪಕ್ಕಕ್ಕೆ ಉಜ್ಜುವುದು, ಎಲ್ಲವೂ ಆ ಓಟದಲ್ಲೇ ಬಯಲಿಗೆ ಬರುತ್ತವೆ.

ಆ ತಂತಿ ಯಾವುದು? ಡ್ರೈವರನ್ನು ಹಿಂದಿನಿಂದ ನೋಡಿ. ಲೋಹದ ಚೌಕಟ್ಟಿನ ಒಂದು ಬದಿಯಲ್ಲಿ ಎರಡು ಟರ್ಮಿನಲ್ ಇವೆ. ಅಲ್ಲಿಂದ ಎರಡು ಹೆಣೆದ ಮೆದು ತಂತಿಗಳು ಕೋನಿನ ಹೊಟ್ಟೆಗೆ ಹೋಗುತ್ತವೆ. ಟಿನ್ಸೆಲ್ ವೈರ್ ಎನ್ನುತ್ತಾರೆ. ನೂಲಿನ ಎಳೆಗೆ ತೆಳ್ಳನೆ ತಾಮ್ರದ ಹಾಳೆ ಸುತ್ತಿ ಮಾಡಿದ್ದು. ಮಾಮೂಲಿ ತಾಮ್ರದ ತಂತಿ ಹಾಕಿದ್ದರೆ ಸೆಕೆಂಡಿಗೆ ನೂರಾರು ಸಲ ಬಾಗಿ ಬೇಗ ತುಂಡಾಗುತ್ತಿತ್ತು, ಅದಕ್ಕೇ ಈ ಏರ್ಪಾಟು. ಅದೂ ಕೊನೆಗೆ ಹರಿಯುವುದು ಎರಡೇ ಕಡೆ: ಟರ್ಮಿನಲ್ಲಿನ ಸೋಲ್ಡರ್ ಮುಗಿಯುವ ಅಂಚಿನಲ್ಲಿ, ಅಥವಾ ಕೋನಿಗೆ ಅಂಟಿಸಿದ ಕಪ್ಪು ಗೋಂದಿನ ಅಂಚಿನಲ್ಲಿ. ತಾಮ್ರ ತುಂಡಾಗಿ ನೂಲು ಮಾತ್ರ ಉಳಿದಿರುತ್ತದೆ. ಕಣ್ಣಿಗೆ ಇಡೀ ತಂತಿಯಂತೆಯೇ ಕಾಣುವುದರಿಂದ ಅಂಗಡಿಯವರು ಮೋಸ ಹೋಗುತ್ತಾರೆ. ಮೀಟರಿನಲ್ಲಿ ‘ಓಪನ್’, ಅಂದರೆ ದಾರಿ ಕಡಿದಿದೆ ಎಂದು ಬಂತು, ಕಾಯಿಲ್ ಹೋಯಿತು ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಕಡಲ ಹತ್ತಿರದ ಮನೆಯಾದ್ದರಿಂದ ಇನ್ನೊಂದು ಶಂಕೆ. ಉಪ್ಪುಗಾಳಿಗೆ ಟರ್ಮಿನಲ್ಲಿನ ತಾಮ್ರ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಒಳಗಿನ ಪ್ಲಗ್ಗು, ಪಿನ್ನುಗಳಿಗೂ ಹಿಡಿಯುತ್ತದೆ. ತಟ್ಟಿದರೆ ಬರುವ, ಮಳೆಗಾಲದಲ್ಲಿ ಹೆಚ್ಚಾಗುವ ತೊಂದರೆಗಳಲ್ಲಿ ಇದರ ಪಾಲು ದೊಡ್ಡದು. ಸ್ಪೀಕರನ್ನು ಬೀಚಿಗೆ ಒಯ್ದಿದ್ದರೆ ಮೂರನೆಯದೂ ಇದೆ. ಮರಳಿನಲ್ಲಿ ಕಾಣುವ ಕಪ್ಪು ಕಣಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅವು ಮ್ಯಾಗ್ನೆಟ್ಟಿಗೆ ಅಂಟಿ, ಕಾಯಿಲ್ ಓಡಾಡುವ ಸಂದಿಗೆ ಸೇರಿದರೆ ಕರಕರ ಶುರು. ಆ ಸಂದಿ ಮಿಲಿಮೀಟರಿನ ಒಂದು ಪಾಲಿನಷ್ಟೇ ಅಗಲ.

ಈಗ ಪರೀಕ್ಷೆ. ಬಿಚ್ಚುವ ಮೊದಲೇ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಆಡಿಯೋ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ಎಳೆದು ಕೇಳಿ. ಸ್ಪೀಕರ್ ನಿಜವಾದ ಸ್ಟೀರಿಯೋ ಆಗಿದ್ದರೆ ಯಾವ ಕಡೆ ಸತ್ತಿದೆ ಎಂಬುದು ಖಚಿತವಾಗುತ್ತದೆ. ಎಷ್ಟೋ ಚಿಕ್ಕ ಸ್ಪೀಕರುಗಳು ಎರಡು ಡ್ರೈವರ್ ಇದ್ದೂ ಮೋನೋ, ಎರಡರಲ್ಲೂ ಒಂದೇ ಸದ್ದು. ಅವುಗಳಲ್ಲಿ ವ್ಯತ್ಯಾಸ ಕಾಣದು. ಆಕ್ಸ್ ತೂತು ಇದ್ದರೆ ವೈರ್ ಹಾಕಿಯೂ ಕೇಳಿ. ಬ್ಲೂಟೂತಿನಲ್ಲಿ ಮಾತ್ರ ಒಡಕು ಬಂದರೆ ಡ್ರೈವರ್ ನಿರಪರಾಧಿ. ಚಾರ್ಜ್ ಕಡಿಮೆಯಾದಾಗ ಮಾತ್ರ, ಅದೂ ಎರಡೂ ಕಡೆ ಒಡಕಾದರೆ ಬ್ಯಾಟರಿ ಮುದಿಯಾಗಿದೆ, ತಾಳದ ಹೊಡೆತಕ್ಕೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ನಿಮ್ಮದು ಒಂದೇ ಕಡೆ, ತಟ್ಟಿದರೆ ಬರುವಂಥದ್ದು, ಹಾಗಾಗಿ ಬಿಚ್ಚಲೇಬೇಕು.

ಬಿಚ್ಚುವಾಗ ಭಯಪಡಬೇಕಾದ್ದು ಬ್ಯಾಟರಿಗೆ ಮಾತ್ರ. ಪೂರ್ತಿ ಚಾರ್ಜಾದ ಲಿಥಿಯಂ ಸೆಲ್ಲಿನಲ್ಲಿ 4.2 ವೋಲ್ಟ್ ಇರುತ್ತದೆ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಆದರೆ ಶಾರ್ಟ್ ಮಾಡಿದರೆ ಕೆಂಪಗೆ ಕಾಯುತ್ತದೆ. ಸ್ಪೀಕರ್ ಆಫ್ ಮಾಡಿ, ಮೊದಲು ಬ್ಯಾಟರಿಯ ಪ್ಲಗ್ ತೆಗೆಯಿರಿ. ಪ್ಲಗ್ ಇಲ್ಲದೆ ನೇರ ಸೋಲ್ಡರ್ ಮಾಡಿದ್ದರೆ ಒಂದೊಂದೇ ತಂತಿ ಬಿಡಿಸಿ ತಕ್ಷಣ ಟೇಪ್ ಸುತ್ತಿ. ಎರಡನ್ನೂ ಒಟ್ಟಿಗೆ ಕಟರಿನಿಂದ ಕತ್ತರಿಸುವವರಿದ್ದಾರೆ; ಕಟರಿನ ಲೋಹವೇ ಎರಡನ್ನೂ ಶಾರ್ಟ್ ಮಾಡುತ್ತದೆ. ಸೆಲ್ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಅದರ ವಿಲೇವಾರಿ ಆಗಲಿ. ಅಂಟು ಬಿಡಿಸಲು ಹೇರ್ ಡ್ರೈಯರಿನ ಬೆಚ್ಚನೆ ಗಾಳಿ ಸಾಕು, ಹೀಟ್ ಗನ್ ಬೇಡ. ಸೆಲ್ಲಿಗಂತೂ ಅಪಾಯವೇ, ಜೊತೆಗೆ ಚಿಕ್ಕ ಡ್ರೈವರುಗಳಲ್ಲಿರುವ ನಿಯೋಡೈಮಿಯಂ ಮ್ಯಾಗ್ನೆಟ್‌ಗಳ ಸಾಮಾನ್ಯ ದರ್ಜೆಯವು ಸುಮಾರು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತವೆ.

ಡ್ರೈವರಿನ ತಂತಿ ಬಿಡಿಸುವ ಮುನ್ನ ಯಾವುದು ಪ್ಲಸ್ಸಿಗೆ, ಯಾವುದು ಮೈನಸ್ಸಿಗೆ ಎಂದು ಫೋಟೋ ತೆಗೆದಿಡಿ. ಮೀಟರನ್ನು 200 ಓಮ್ ರೇಂಜಿಗೆ ಇಡಿ. ಮೊದಲು ಎರಡು ಪ್ರೋಬುಗಳನ್ನು ಒಂದಕ್ಕೊಂದು ತಾಗಿಸಿ, 0.2, 0.3 ಹೀಗೆ ಏನೋ ತೋರಿಸುತ್ತದೆ, ಅದನ್ನು ಕಳೆಯಬೇಕು. ಆಮೇಲೆ ಒಳ್ಳೆಯ ಎಡಗಡೆಯ ಡ್ರೈವರ್ ಅಳೆಯಿರಿ. 4 ಓಮಿನ ಡ್ರೈವರ್ ಮೀಟರಿನಲ್ಲಿ 3.2ರಿಂದ 3.8 ತೋರಿಸುವುದು ಸಹಜ, 8 ಓಮಿನದು 6ರಿಂದ 7.5. ಬರೆದದ್ದಕ್ಕಿಂತ ಕಡಿಮೆ ಬಂತೆಂದು ಗಾಬರಿ ಬೇಡ. ಮೇಲೆ ಬರೆದಿರುವುದು ಸದ್ದಿನ ಎಸಿ ಸಂಕೇತಕ್ಕೆ ಒಡ್ಡುವ ತಡೆ, ಮೀಟರ್ ಅಳೆಯುವುದು ಬರೀ ತಂತಿಯ ಡಿಸಿ ತಡೆ.

ಬಲಗಡೆಯದಕ್ಕೆ ಪ್ರೋಬ್ ಹಚ್ಚಿ, ಟಿನ್ಸೆಲ್ ತಂತಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಅಲುಗಿಸುತ್ತಾ ಅಂಕಿ ನೋಡಿ. ಬಂದು ಹೋಗಿ ಮಾಡಿದರೆ ಕಳ್ಳ ಸಿಕ್ಕಿದ. ಏನೂ ಬರದಿದ್ದರೆ ಪ್ರೋಬುಗಳನ್ನು ಟರ್ಮಿನಲ್ಲಿನಿಂದ ತೆಗೆದು, ಕೋನಿನ ಮೇಲೆ ಟಿನ್ಸೆಲ್ ಬಂದು ಸೇರುವ ಎರಡು ಸೋಲ್ಡರ್ ಬಿಂದುಗಳಿಗೆ ಹಚ್ಚಿ. ಗೋಂದನ್ನು ಬ್ಲೇಡಿನಿಂದ ಚೂರು ಕೆರೆಯಬೇಕಾದೀತು. ಅಲ್ಲಿ 3.5ರ ಆಸುಪಾಸು ಬಂದರೆ ಕಾಯಿಲ್ ಜೀವಂತ, ಟಿನ್ಸೆಲ್ ಸತ್ತಿದೆ. ಅಲ್ಲೂ ಬರದಿದ್ದರೆ ಮಾತ್ರ ಅಂಗಡಿಯವರು ಹೇಳಿದ್ದು ನಿಜ.

ಕಾಯಿಲ್ ಜೀವಂತ ಎಂದ ಮಾತ್ರಕ್ಕೆ ಆರೋಗ್ಯವಾಗಿದೆ ಎಂದಲ್ಲ. ಕೋನಿನ ಎರಡು ಎದುರುಬದುರು ಅಂಚುಗಳ ಮೇಲೆ ಹೆಬ್ಬೆರಳುಗಳನ್ನಿಟ್ಟು ಸಮನಾಗಿ ಒಳಕ್ಕೆ ಒತ್ತಿ, ಕಿವಿ ಹತ್ತಿರ ತನ್ನಿ. ನುಣ್ಣಗೆ ಹೋಗಿ ಬರಬೇಕು. ಮರಳು ಕಾಗದ ಉಜ್ಜಿದಂಥ ಸದ್ದು ಬಂದರೆ ಕಾಯಿಲ್ ಉಬ್ಬಿದೆ, ಓರೆಯಾಗಿದೆ ಅಥವಾ ಸಂದಿಯಲ್ಲಿ ಕಸ ಕೂತಿದೆ. ಎರಡು ಇಂಚಿನ ಡ್ರೈವರಿನಲ್ಲಿ ಇದಕ್ಕೆ ಮದ್ದಿಲ್ಲ. ಹೊಸ ಕಾಯಿಲ್, ಹೊಸ ಕೋನ್ ಹಾಕುವ ಕೆಲಸ 10, 12 ಇಂಚಿನ ದೊಡ್ಡ ಸ್ಪೀಕರುಗಳಿಗೆ ಚೆನ್ನಾಗಿ ನಡೆಯುತ್ತದೆ. ನಿಮ್ಮೂರಿನ ಮೈಕ್‌ಸೆಟ್ಟಿನವರನ್ನು ಕೇಳಿದರೆ ಎಲ್ಲಿ ಮಾಡಿಸುತ್ತಾರೆಂದು ಹೇಳಿಯಾರು. ಭಜನೆಗೆ ಎಳೆದೊಯ್ಯುವ ಟ್ರಾಲಿ ಸ್ಪೀಕರ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಚಿಕ್ಕದಕ್ಕೆ ಮಾಡುವವರೂ ಇಲ್ಲ, ಮಾಡಿದರೂ ಬಾಳುವುದಿಲ್ಲ.

ಟಿನ್ಸೆಲ್ ಹರಿದಿದ್ದರೆ ದುರಸ್ತಿ ಹೀಗೆ. ಟರ್ಮಿನಲ್ಲಿನ ಅಂಚಿನಲ್ಲಿ ಹರಿದಿದ್ದು, ಉಳಿದ ತಂತಿಯಲ್ಲಿ ಸಡಿಲ ಇದ್ದರೆ ತುದಿಯನ್ನು ಎಳೆದು ಮತ್ತೆ ಸೋಲ್ಡರ್ ಮಾಡಿ. ಕಿಲುಬು ಹಿಡಿದ ಲೋಹಕ್ಕೆ ಸೋಲ್ಡರ್ ಹತ್ತುವುದೇ ಇಲ್ಲ. ಮೊದಲು ಬ್ಲೇಡಿನಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಫ್ಲಕ್ಸ್ ಹಚ್ಚಿ. ಐರನ್ 350 ಡಿಗ್ರಿ ಆಸುಪಾಸು, ಎರಡು ಮೂರು ಸೆಕೆಂಡಿನಲ್ಲಿ ಮುಗಿಸಬೇಕು. ಹೆಚ್ಚು ಹೊತ್ತು ಹಿಡಿದರೆ ಸೋಲ್ಡರ್ ತಂತಿಯೊಳಗೆ ಹೀರಿಕೊಂಡು ಹೋಗಿ ಅದು ಕಡ್ಡಿಯಂತೆ ಗಡುಸಾಗುತ್ತದೆ, ಗಡುಸಾದ ತಂತಿ ಕೆಲವೇ ದಿನದಲ್ಲಿ ಮತ್ತೆ ಅಲ್ಲೇ ಮುರಿಯುತ್ತದೆ. ಕೋನಿನ ಕಡೆ ಹರಿದಿದ್ದರೆ ಹೊಸ ಟಿನ್ಸೆಲ್ ಬೇಕು. ಸ್ಪೀಕರ್ ರಿಪೇರಿಯವರ ಬಳಿ ಇರುತ್ತದೆ. ಕೆಟ್ಟ ಇನ್ನೊಂದು ಡ್ರೈವರಿನಿಂದಲೂ ಬಿಡಿಸಿಕೊಳ್ಳಬಹುದು. ಹಳೆಯದಕ್ಕಿದ್ದಷ್ಟೇ ಬಾಗು ಬಿಡಿ. ಬಿಗಿಯಾದರೆ ಕೋನನ್ನು ಜಗ್ಗುತ್ತದೆ, ಉದ್ದವಾದರೆ ಬಡಿಯುತ್ತದೆ. ಕಬ್ಬಿಣದ ಟ್ವೀಜರನ್ನು ಮ್ಯಾಗ್ನೆಟ್ ಸರಕ್ಕನೆ ಎಳೆದುಕೊಂಡು ಕೋನಿಗೆ ತೂತು ಬಿದ್ದೀತು. ಕೋನಿನ ಮೇಲೊಂದು ದಪ್ಪ ರಟ್ಟು ಮುಚ್ಚಿಟ್ಟು ಕೆಲಸ ಮಾಡಿ.

ಕೋನ್ ಹರಿದಿದ್ದರೂ ಕೆಲವೊಮ್ಮೆ ಉಳಿಸಬಹುದು. ಕಾಗದದ ಕೋನಾದರೆ ಟೀ ಬ್ಯಾಗಿನ ತೆಳು ಕಾಗದದ ತುಂಡು, ನೀರು ಬೆರೆಸಿದ ಫೆವಿಕಾಲ್. ಸುತ್ತಲಿನ ರಬ್ಬರ್ ಉಂಗುರ ಸೀಳಿದ್ದರೆ ಒಣಗಿದ ಮೇಲೂ ಬಾಗುವಂಥ ರಬ್ಬರ್ ಗೋಂದು, ತೆಳ್ಳಗೆ. ಫೆವಿಕ್ವಿಕ್ ಇಲ್ಲಿ ಶತ್ರು: ಗಾಜಿನಂತೆ ಗಡುಸಾಗಿ ಪಕ್ಕದಲ್ಲೇ ಹೊಸ ಸೀಳು ಮಾಡುತ್ತದೆ. ಉಂಗುರ ಫೋಮಿನದಾಗಿದ್ದು ಬೆರಳಿಗೆ ಪುಡಿಪುಡಿಯಾಗಿ ಹತ್ತಿದರೆ ಯಾವ ಗೋಂದೂ ಹಿಡಿಯದು. ತೇವಕ್ಕೆ ಪಾಲಿಯುರಿಥೇನ್ ಫೋಮ್ ಒಳಗಿಂದಲೇ ಕೊಳೆಯುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ.

ಇಷ್ಟೆಲ್ಲ ಆಗಿ ಕಾಯಿಲ್ ನಿಜವಾಗಿಯೂ ಸುಟ್ಟಿದೆ ಎಂದಾದರೆ, ಸುಟ್ಟದ್ದು ಏಕೆ ಎಂದು ಮೊದಲು ನೋಡಬೇಕು. ಇಂಥ ಪುಟ್ಟ ಡ್ರೈವರುಗಳು ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನೂ ಸದ್ದಾಗಿ ಮಾಡುವುದಿಲ್ಲ, ಉಳಿದದ್ದೆಲ್ಲ ಕಾಯಿಲಿನಲ್ಲಿ ಶಾಖ. ಬ್ಯಾಟರಿ ಇಳಿದ ಹೊತ್ತಿನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿಟ್ಟು ಗಂಟೆಗಟ್ಟಲೆ ನುಡಿಸಿದರೆ ಆಂಪ್ಲಿಫೈಯರ್ ಅಲೆಯ ನೆತ್ತಿ ಕತ್ತರಿಸುತ್ತದೆ, ಶಾಖ ಇನ್ನೂ ಹೆಚ್ಚುತ್ತದೆ. ಇದು ಬಳಕೆಯ ತಪ್ಪು, ಸರಿಪಡಿಸಿಕೊಳ್ಳಬಹುದು. ಆದರೆ ಬೋರ್ಡಿನ ಮೇಲೆ ಸಂಕೇತವನ್ನು ಬಲಪಡಿಸುವ ಚಿಪ್, ಅಂದರೆ ಆಂಪ್ಲಿಫೈಯರ್ ಐಸಿಯೇ ಕೆಟ್ಟು ಡ್ರೈವರಿಗೆ ಡಿಸಿ ಕಳಿಸುತ್ತಿದ್ದರೆ, ಹೊಸದನ್ನು ಹಾಕಿದ ನಿಮಿಷದಲ್ಲೇ ಅದೂ ಸುಡುತ್ತದೆ. ಹಾಗಾಗಿ ಡ್ರೈವರ್ ಕಳಚಿರುವಾಗಲೇ ಬ್ಯಾಟರಿ ಜೋಡಿಸಿ, ಹಾಡು ಹಾಕದೆ, ಬಲಗಡೆಯ ಎರಡು ತಂತಿಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಕೆಲವು ಮಿಲಿವೋಲ್ಟಿನಿಂದ ಕೆಲವು ಹತ್ತು ಮಿಲಿವೋಲ್ಟ್‌ವರೆಗೆ ಇದ್ದರೆ ಸರಿ. ಒಂದು, ಎರಡು ವೋಲ್ಟ್ ಕಂಡರೆ ಬೋರ್ಡಿನ ಕೆಲಸ ಮೊದಲು.

ಹೊಸ ಕೈಗಳು ಎಡವುವ ಜಾಗ ಒಂದಿದೆ. ಈ ಸ್ಪೀಕರುಗಳ ಕ್ಲಾಸ್ ಡಿ ಆಂಪ್ಲಿಫೈಯರುಗಳಲ್ಲಿ, ಉದಾಹರಣೆಗೆ ಅಗ್ಗದವುಗಳಲ್ಲಿ ಹೇರಳವಾಗಿ ಕಾಣುವ ಪಿಎಎಂ 8403 ಐಸಿಯಲ್ಲಿ, ಡ್ರೈವರಿನ ಮೈನಸ್ ತಂತಿ ಗ್ರೌಂಡ್ ಅಲ್ಲ. ಎರಡೂ ತಂತಿಗಳಲ್ಲಿ ಸಂಕೇತ ಇರುತ್ತದೆ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಹೀಗಿರುವಾಗ ‘ಮೈನಸ್ ಎಲ್ಲಾ ಒಂದೇ’ ಎಂದು ಎಡ, ಬಲದ ಮೈನಸ್ಸುಗಳನ್ನು ಒಂದುಗೂಡಿಸಿದರೆ, ಅಥವಾ ಬ್ಯಾಟರಿಯ ಮೈನಸ್ಸಿಗೆ ತಾಗಿಸಿದರೆ ಐಸಿ ಸುಟ್ಟೀತು.

ಈಗ 8 ಓಮಿನ ಮಾತು. ಅಂಗಡಿಯವರು ಹೇಳಿದ್ದರಿಂದ ಬೋರ್ಡಿಗೆ ಅಪಾಯವೇನೂ ಇಲ್ಲ, ಸದ್ದಿಗೆ ನಷ್ಟ. ಅದೇ ವೋಲ್ಟೇಜಿನಲ್ಲಿ 8 ಓಮ್ ಎಳೆಯುವುದು 4 ಓಮಿನ ಅರ್ಧ ಪವರ್, ಅಂದರೆ 3 ಡೆಸಿಬೆಲ್ ಕಡಿಮೆ. ಕಿವಿಗೆ ಅರ್ಧ ಸದ್ದು ಅನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು, ಆದ್ದರಿಂದ ಮೂರು ದೊಡ್ಡದಲ್ಲ. ಆದರೆ ಒಂದು ಕಡೆ 4, ಇನ್ನೊಂದು ಕಡೆ 8 ಇದ್ದರೆ ಭಾಗವತರು ನಿರಂತರ ಎಡಕ್ಕೆ ಸರಿದು ಕೂತಂತೆ ಕೇಳುತ್ತದೆ. ತಿರುವುಮುರುವು ಮಾತ್ರ ಎಂದೂ ಬೇಡ: 8 ಓಮಿನ ಜಾಗದಲ್ಲಿ 4 ಹಾಕಿದರೆ ಐಸಿ ಎರಡು ಪಟ್ಟು ಕರೆಂಟ್ ಕೊಡಬೇಕು, ಕಾದು ನಿಲ್ಲುತ್ತದೆ ಅಥವಾ ಸಾಯುತ್ತದೆ.

ಓಮ್ ಹೊಂದಿದರೆ ಎಲ್ಲ ಹೊಂದಿತು ಎಂದುಕೊಳ್ಳುವುದೇ ದೊಡ್ಡ ತಪ್ಪು. ನಿಮ್ಮ ಸ್ಪೀಕರಿನ ತುದಿಯ ರಬ್ಬರ್ ಬಿಲ್ಲೆಗಳು ಅಲಂಕಾರಕ್ಕಲ್ಲ. ಅವು ಪ್ಯಾಸಿವ್ ರೇಡಿಯೇಟರುಗಳು: ಕಾಯಿಲಿಲ್ಲ, ತಂತಿಯಿಲ್ಲ, ಡ್ರೈವರ್ ಒಳಗಿನ ಗಾಳಿಯನ್ನು ಒತ್ತಿದಾಗ ಅವು ಕುಣಿದು ಮದ್ದಳೆಯ ಕೆಳಗಿನ ಸ್ವರಗಳನ್ನು ಕೊಡುತ್ತವೆ. ಬಿಲ್ಲೆಯ ತೂಕ, ಪೆಟ್ಟಿಗೆಯೊಳಗಿನ ಗಾಳಿಯ ಪ್ರಮಾಣ, ಡ್ರೈವರಿನ ಕೋನ್ ಎಷ್ಟು ಭಾರ, ಎಷ್ಟು ಮೆದು, ಮ್ಯಾಗ್ನೆಟ್ ಎಷ್ಟು ಬಲ, ಎಲ್ಲವೂ ಒಂದಕ್ಕೊಂದು ಲೆಕ್ಕ ಹಾಕಿ ಕೂರಿಸಿದವು. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ, ರಿಚರ್ಡ್ ಸ್ಮಾಲ್ ಎಪ್ಪತ್ತರ ದಶಕದಲ್ಲಿ ಬೆಳೆಸಿದ ಈ ಲೆಕ್ಕವನ್ನೇ ಇಂದಿಗೂ ಎಲ್ಲ ಕಂಪನಿಗಳು ಬಳಸುವುದು. ಅದರ ಮೇಲೆ, ಒಳ್ಳೆಯ ಸ್ಪೀಕರುಗಳಲ್ಲಿ ಒಂದು ಚಿಪ್ ಕಡಿಮೆ ವಾಲ್ಯೂಮಿನಲ್ಲಿ ಬಾಸ್ ಏರಿಸಿ, ವಾಲ್ಯೂಮ್ ಹೆಚ್ಚಿಸಿದಂತೆ ಕೋನ್ ಹರಿಯದಂತೆ ಬಾಸನ್ನು ತಾನೇ ಇಳಿಸುತ್ತಿರುತ್ತದೆ. ಅದು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವುದು ಹಳೆಯ ಡ್ರೈವರಿನ ಮಿತಿಗೆ ಮಾತ್ರ. ಅದೇ ಅಳತೆಯ ಅಗ್ಗದ ಗಡುಸು ಡ್ರೈವರ್ ಹಾಕಿದರೆ ತೂತಿಗೆ ಸರಿಯಾಗಿ ಕೂರುತ್ತದೆ, ಮದ್ದಳೆ ಮಾತ್ರ ಡಬ್ಬಿ ಬಡಿದಂತೆ ಕೇಳುತ್ತದೆ.

ಆದ್ದರಿಂದ ನನ್ನ ಮೊದಲ ಆಯ್ಕೆ ಅದೇ ಮಾಡೆಲ್ಲಿನ, ಬ್ಯಾಟರಿ ಅಥವಾ ಬೋರ್ಡ್ ಸತ್ತ ಇನ್ನೊಂದು ಸ್ಪೀಕರ್. ಹಳೆ ಸಾಮಾನಿನ ಆನ್‌ಲೈನ್ ಮಾರಾಟದಲ್ಲಿ, ರಿಪೇರಿ ಅಂಗಡಿಗಳ ಮೂಲೆಯಲ್ಲಿ ಬಿದ್ದಿರುತ್ತವೆ. ಕಂಪನಿಯ ಸರ್ವಿಸ್ ಸೆಂಟರನ್ನೂ ಕೇಳಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ಅಲ್ಲಿ ನಿಮ್ಮ ಬ್ರ್ಯಾಂಡ್ ಇದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಚಿಕ್ಕ ಸ್ಪೀಕರುಗಳ ಬಿಡಿಭಾಗದ ವಿಷಯದಲ್ಲಿ ನನಗೆ ಹೆಚ್ಚಿನ ಭರವಸೆಯಿಲ್ಲ ಎಂಬುದು ಬೇರೆ ಮಾತು.

ಅದೂ ಸಿಗದಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆ ಎಸ್‌ಪಿ ರೋಡ್ ಇದೆ. ಹಳೆಯದನ್ನು ಕಳಿಸಿ ‘ಇಂಥದ್ದು ಕೊಡಿ’ ಎನ್ನಬೇಡಿ. ಎರಡು ಇಂಚು ಎಂದು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಚೌಕಟ್ಟಿನ ಹೊರ ಅಳತೆ, ಸ್ಕ್ರೂ ತೂತುಗಳ ನಡುವಿನ ಅಂತರ, ಮುಂದಿನಿಂದ ಮ್ಯಾಗ್ನೆಟ್ ತುದಿವರೆಗಿನ ಆಳ ಬರೆದುಕೊಡಿ. ಆಳ ಮರೆತರೆ ಮ್ಯಾಗ್ನೆಟ್ ಹೋಗಿ ಬ್ಯಾಟರಿಗೆ ತಾಗುತ್ತದೆ. ಕೈಗೆ ಬಂದಾಗ ಕೋನ್ ಒತ್ತಿ ನೋಡಿ: ಹಳೆಯದರಷ್ಟೇ ಮೆದುವಾಗಿ, ಅಷ್ಟೇ ದೂರ ಹೋಗಬೇಕು. ಸುತ್ತಲಿನ ಉಂಗುರ ದಪ್ಪ ರಬ್ಬರಿನದಾಗಿರಲಿ, ಬಟ್ಟೆ ಅಥವಾ ಕಾಗದದ್ದು ಬೇಡ. ‘20 ವ್ಯಾಟ್’ ಎಂಬ ಬರಹಕ್ಕೆ ಮರುಳಾಗಬೇಡಿ. 5 ವ್ಯಾಟ್ ಕೊಡುವ ಬೋರ್ಡು 20 ಎಂದು ಬರೆದ ಡ್ರೈವರಿಗೂ 5ನ್ನೇ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯ, ಬೇರೆ ಮಾದರಿಯದನ್ನು ಹಾಕುವುದಾದರೆ ಎರಡೂ ಕಡೆ ಬದಲಿಸಿ. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಎಂಬ ಉಳಿತಾಯವನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೂರಿಸುವಾಗ ಪೋಲಾರಿಟಿ, ಅಂದರೆ ಪ್ಲಸ್ ಮೈನಸ್ ನೋಡಿ. ಗುರುತು ಅಳಿಸಿದ್ದರೆ 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಡ್ರೈವರಿಗೆ ಕ್ಷಣಮಾತ್ರ ತಾಗಿಸಿ; ಸೆಲ್ಲಿನ ಪ್ಲಸ್ ಯಾವ ಟರ್ಮಿನಲ್ಲಿಗೆ ತಾಗಿದಾಗ ಕೋನ್ ಹೊರಕ್ಕೆ ಹಾರುತ್ತದೋ ಅದೇ ಪ್ಲಸ್. ಒಂದು ಡ್ರೈವರ್ ಉಲ್ಟಾ ಆದರೆ ಒಂದು ಗಾಳಿ ಒತ್ತುವಾಗ ಇನ್ನೊಂದು ಎಳೆಯುತ್ತದೆ, ಬಾಸ್ ಮಾಯ. ತಂತಿಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ, ರಬ್ಬರ್ ಬಿಲ್ಲೆಗೆ ತಾಗಬಾರದು. ಡ್ರೈವರಿನ ಅಂಚಿಗೆ ಫೋಮ್ ಟೇಪ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಸೀಲ್ ಮಾಡಲು ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಮುಚ್ಚಿದ ಮೇಲೆ ಒಂದು ರಬ್ಬರ್ ಬಿಲ್ಲೆಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಬಿಲ್ಲೆ ಹೊರಗೆ ಉಬ್ಬಿ ಹಾಗೇ ನಿಂತರೆ ಗಾಳಿ ಸೋರುತ್ತಿಲ್ಲ. ಉಬ್ಬಿ ತಕ್ಷಣ ಇಳಿದರೆ ಎಲ್ಲೋ ಸಂದಿ ಇದೆ. ಆ ಸಂದಿಯಿಂದ ಬರುವ ಪುಸ್‌ಪುಸ್ ಸದ್ದನ್ನೇ ಎಷ್ಟೋ ಜನ ಡ್ರೈವರ್ ಹಾಳಾಗಿದೆ ಎಂದುಕೊಳ್ಳುತ್ತಾರೆ.

ಮೊದಲು ಕಡಿಮೆ ವಾಲ್ಯೂಮಿನಲ್ಲಿ ಯಾರದಾದರೂ ಮಾತು ಕೇಳಿ. ಆಮೇಲೆ ಫೋನಿನ ಟೋನ್ ಜನರೇಟರ್ ಆ್ಯಪಿನಲ್ಲಿ 500 ಹರ್ಟ್ಜ್‌ನಿಂದ 80ರವರೆಗೆ ನಿಧಾನವಾಗಿ ಇಳಿಸುತ್ತಾ ಗರಗರ ಹುಡುಕಿ. ಒಂದೇ ಸ್ವರಕ್ಕೆ ಮಾತ್ರ ಬಂದರೆ ಜಾಲರಿ, ಸ್ಕ್ರೂ, ತಂತಿ ಅದುರುತ್ತಿರಬಹುದು. ಒಂದೊಂದೇ ಬೆರಳಿನಿಂದ ಒತ್ತಿ ನೋಡಿ. ಇಳಿದಷ್ಟೂ ಹೆಚ್ಚಾಗುತ್ತಾ ಹೋದರೆ ಕಾಯಿಲ್ ಪಕ್ಕಕ್ಕೆ ಉಜ್ಜುತ್ತಿದೆ. ಎಲ್ಲ ಸರಿಯಿದ್ದರೆ ಮದ್ದಳೆ ಹಾಕಿ.

ಸ್ಪೀಕರಿನ ಮೇಲೆ ಐಪಿಎಕ್ಸ್ 7 ಎಂದಿದ್ದರೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಿದ್ದರೆ, ಬಿಚ್ಚಿದ ಮೇಲೆ ಆ ಮಾತು ನಂಬುವಂತಿಲ್ಲ. ಇನ್ನು ಬೀಚು, ಬಾವಿಕಟ್ಟೆ ಬೇಡ. ತೆಗೆದಿಟ್ಟ ಹಳೆ ಡ್ರೈವರನ್ನು ಎಸೆಯಬೇಡಿ, ಎಡಗಡೆಯದಕ್ಕೂ ಅದೇ ವಯಸ್ಸಾಗಿದೆ, ಅದಕ್ಕೆ ನಾಳೆ ಟಿನ್ಸೆಲ್ ಬೇಕಾದೀತು. ಟರ್ಮಿನಲ್ಲಿನಲ್ಲಿ ಮತ್ತು ಕೋನಿನ ಮೇಲೆ ಬಂದ ಎರಡೂ ರೀಡಿಂಗ್, ಜೊತೆಗೆ ಬೋರ್ಡಿನ ಡಿಸಿ ವೋಲ್ಟ್ ಬರೆದು ಕಳಿಸಿದರೆ ಮುಂದಿನದನ್ನು ಖಚಿತವಾಗಿ ಹೇಳುತ್ತೇನೆ.